ಕುದುರೆ ಆರಿಸುವ ಕಣ್ಣು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ಹಿರಿಯರ ಮಾತು. ಹಣ ಕೊಟ್ಟು ತರುವ ಪ್ರಾಣಿಯ ವಿಚಾರ ಹಾಗಲ್ಲ. ಅದರ ಹಲ್ಲನ್ನೂ ನೋಡಬೇಕು, ಸುಳಿಯನ್ನೂ ನೋಡಬೇಕು, ನಾಲ್ಕು ಹೆಜ್ಜೆ ನಡೆಸಿಯೂ ನೋಡಬೇಕು. ದನಗಳ ಜಾತ್ರೆಯಲ್ಲಿ ನಮ್ಮ ತಾತ ಹೋರಿಯೊಂದರ ಸುತ್ತ ಮೂರು ಸಲ ಬಂದು, ಮಾತಿಲ್ಲದೆ ನಿಂತು, ಕೊನೆಗೆ ತಲೆಯಲ್ಲಾಡಿಸಿ ಮುಂದಕ್ಕೆ ಹೋಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅವರು ಏನನ್ನು ಕಂಡು ಬೇಡವೆಂದರೆಂಬುದು ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ, "ಕಣ್ಣಿಗೆ ಬರಲಿಲ್ಲ ಕಣೋ" ಎನ್ನುತ್ತಿದ್ದರು.

ಕುದುರೆಯ ವಿಷಯದಲ್ಲಿ ನನ್ನ ಅನುಭವ ಮೈಸೂರಿನ ಟಾಂಗಾದ ಹಿಂದಿನ ಸೀಟನ್ನು ದಾಟಿದ್ದಲ್ಲ. ಆದರೆ 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ ಪಂದ್ಯಗಳಲ್ಲಿ, ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರು ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯೇರಿ ಈವೆಂಟಿಂಗ್ ಸ್ಪರ್ಧೆಯಲ್ಲಿ 23ನೆಯ ಸ್ಥಾನ ಪಡೆದುದನ್ನು ಟೆಲಿವಿಷನ್ನಿನಲ್ಲಿ ಕಂಡೆ. ಇದೇ ಜೋಡಿ 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದಿತ್ತು. ಇಂಥ ಕುದುರೆಯನ್ನು ಎಳೆಯ ಪ್ರಾಯದಲ್ಲಿ ಯಾರು, ಹೇಗೆ ಗುರುತಿಸುತ್ತಾರೆಂಬ ಕುತೂಹಲ ಅಂದು ಹುಟ್ಟಿತು. ಅದರ ಬೆನ್ನು ಹತ್ತಿ ಓದುತ್ತ ಹೋದಾಗ, ತಾತನ ಆ ಒಂದು ಮಾತಿನ ಸುತ್ತಲೇ ಯೂರೋಪಿನ ದೊಡ್ಡದೊಂದು ಚರಿತ್ರೆ ಬೆಳೆದಿದೆಯೆಂದು ತಿಳಿಯಿತು.

ಈವೆಂಟಿಂಗ್ ಎಂಬುದು ಮೂಲತಃ ಸೈನ್ಯದ ಪರೀಕ್ಷೆ. ಅಶ್ವದಳದ ಅಧಿಕಾರಿಯ ಕುದುರೆ ಕವಾಯತಿನಲ್ಲಿ ಹೇಳಿದಂತೆ ಕೇಳಬೇಕು; ಸುದ್ದಿ ಹೊತ್ತು ಹಳ್ಳಕೊಳ್ಳ ಹಾರಿ ಹೋಗಬೇಕು; ಮಾರನೆಯ ದಿನ ಮತ್ತೆ ಕೆಲಸಕ್ಕೆ ಸಿದ್ಧವಾಗಿರಬೇಕು. ಈ ಮೂರನ್ನೂ ಒಂದೇ ಕುದುರೆಯಲ್ಲಿ ಅಳೆಯುವ ಸ್ಪರ್ಧೆ ಒಲಿಂಪಿಕ್ಕಿಗೆ ಬಂದದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಸೈನಿಕರಲ್ಲದವರಿಗೆ ಅದರ ಬಾಗಿಲು ತೆರೆದದ್ದು ಆಮೇಲೆ, ಹೆಂಗಸರಿಗೆ 1964ರಲ್ಲಿ. ಇಂದಿಗೂ ಅಂಗಗಳು ಮೂರೇ: ಅಂಕಣದೊಳಗೆ ವಿನಯದ ಹೆಜ್ಜೆಗಳನ್ನು ತೋರಿಸುವ ಡ್ರೆಸಾಜ್, ಬಯಲಿನಲ್ಲಿ ಮರದ ದಿಮ್ಮಿ ನೀರುಗುಂಡಿಗಳನ್ನು ಹಾರುವ ಕ್ರಾಸ್ ಕಂಟ್ರಿ, ಕೊನೆಗೆ ತಾಗಿದರೆ ಬೀಳುವ ಅಡ್ಡಗಂಬಗಳ ಜಂಪಿಂಗ್. ಅತ್ಯುನ್ನತ ಮಟ್ಟದಲ್ಲಿ ಬಯಲಿನ ಓಟದ ವೇಗ ನಿಮಿಷಕ್ಕೆ 570 ಮೀಟರ್. ನರ್ತಕಿಯ ಲಯ, ಓಟಗಾರನ ಶ್ವಾಸ, ಜಟ್ಟಿಯ ಧೈರ್ಯ, ಇವೆಲ್ಲ ಒಂದೇ ಮೈಯಲ್ಲಿರಬೇಕು. ಮೇಲಾಗಿ, ಮೂರು ವರ್ಷದ ಮರಿಯನ್ನು ಇಂದು ಕೊಂಡರೆ ಅದು ಆ ಮಟ್ಟಕ್ಕೆ ಏರುವಷ್ಟರಲ್ಲಿ ಒಂಬತ್ತೋ ಹತ್ತೋ ವರ್ಷದ್ದಾಗಿರುತ್ತದೆ. ಅಷ್ಟು ದೂರದ ಫಲವನ್ನು ಇಂದೇ ಕಾಣಬಲ್ಲ ಕಣ್ಣು ಯಾವುದು?

ಈ ಪ್ರಶ್ನೆಯನ್ನು ಮೊದಲು ನೇರವಾಗಿ ಎತ್ತಿಕೊಂಡವರಲ್ಲಿ ಒಬ್ಬ ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್. ಕುದುರೆ ಕೊಳ್ಳಲು ಹೋದವನು ಮುಖವನ್ನಲ್ಲ, ಗೊರಸನ್ನು ಮೊದಲು ನೋಡಬೇಕೆಂದು ಅವನ ಉಪದೇಶ. ತಳಪಾಯ ಕೆಟ್ಟ ಮನೆಗೆ ಮೇಲಿನ ಅಂದದಿಂದ ಏನು ಪ್ರಯೋಜನ ಎಂಬುದು ಅವನ ವಾದ. ಗಟ್ಟಿ ಗೊರಸು ನೆಲ ತಾಕಿದಾಗ ತಾಳದಂತೆ ನುಡಿಯುತ್ತದೆಂದೂ, ಹುಟ್ಟಿದ ಮರಿಯ ಕೆಳಗಾಲಿನ ಉದ್ದದಿಂದಲೇ ಅದರ ಮುಂದಿನ ಎತ್ತರವನ್ನು ಊಹಿಸಬಹುದೆಂದೂ ಅವನು ಬರೆದಿದ್ದಾನೆ. ಆದರೆ ಇಷ್ಟೆಲ್ಲ ಬಲ್ಲವನು ಆರಂಭದಲ್ಲಿಯೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತಾನೆ: ಇನ್ನೂ ಯಾರೂ ಏರದ ಮರಿಯಲ್ಲಿ ನಾವು ಪರೀಕ್ಷಿಸಬಹುದಾದದ್ದು ದೇಹವನ್ನು ಮಾತ್ರ, ಅದರ ಸ್ವಭಾವಕ್ಕೆ ಹೊರಗೆ ಸ್ಪಷ್ಟವಾದ ಗುರುತು ಸಿಗದು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಹಳೆಯದಾದ ಈ ಒಪ್ಪಿಗೆಯನ್ನು ನಾವು ನೆನಪಿನಲ್ಲಿಡೋಣ.

ದೇಹದ ಮಟ್ಟಿಗಾದರೂ ಈ ಕಣ್ಣನ್ನು ಶಾಸ್ತ್ರವನ್ನಾಗಿ ಮಾಡಿದ ಕೀರ್ತಿ ಬಹುಮಟ್ಟಿಗೆ ಜರ್ಮನ್ ನಾಡುಗಳಿಗೆ ಸಲ್ಲಬೇಕು. ಪ್ರಷ್ಯಾದ ದೊರೆ ಒಂದನೆಯ ಫ್ರೆಡರಿಕ್ ವಿಲಿಯಂ 1732ರಲ್ಲಿ ಟ್ರಾಕೆನೆನ್ ಎಂಬಲ್ಲಿ ಅಶ್ವಶಾಲೆಯನ್ನು ಸ್ಥಾಪಿಸಿದ. ಇಂಗ್ಲೆಂಡಿನ ಸಿಂಹಾಸನದ ಜೊತೆಗೆ ಹ್ಯಾನೋವರಿನ ಒಡೆತನವನ್ನೂ ಹೊಂದಿದ್ದ ಎರಡನೆಯ ಜಾರ್ಜ್ 1735ರಲ್ಲಿ ಸೆಲೆ ಪಟ್ಟಣದಲ್ಲಿ ಇನ್ನೊಂದನ್ನು ತೆರೆದ. ರೈತರ ಹೆಣ್ಣು ಕುದುರೆಗಳಿಗೆ ಒಳ್ಳೆಯ ಬೀಜದ ಕುದುರೆ ದೊರಕಲೆಂಬುದು ಸೆಲೆಯ ಉದ್ದೇಶ. ಇಂಥ ಶಾಲೆಗಳಿಂದ ಬೆಳೆದು ಬಂದ ತಳಿಗಳಿಗೆ ವಾರ್ಮ್‌ಬ್ಲಡ್, ಎಂದರೆ ಬಿಸುಪಿನ ರಕ್ತದವು ಎಂದು ಹೆಸರು. ರಕ್ತದ ಶಾಖಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಭಾರ ಎಳೆಯುವ ಶಾಂತ ಸ್ವಭಾವದ ದಪ್ಪ ಕುದುರೆಗಳನ್ನು ತಣ್ಣನೆಯ ರಕ್ತದವೆಂದೂ, ಅರಬ್ಬಿ ಕುದುರೆ ಮತ್ತು ರೇಸಿನ ಥರೋಬ್ರೆಡ್‌ಗಳನ್ನು ಬಿಸಿ ರಕ್ತದವೆಂದೂ ಕರೆಯುವುದು ವಾಡಿಕೆ; ಇವೆರಡರ ನಡುವಿನವು ಇವು.

ಮರಿಯನ್ನು ಬೀಜಕ್ಕೆ ಒಪ್ಪುವುದೂ ಬಿಡುವುದೂ ತಜ್ಞರ ಮಂಡಲಿಯ ಕೈಯಲ್ಲಿದೆ. ಎರಡೂವರೆ ವರ್ಷದ ಗಂಡು ಮರಿಯನ್ನು ಗಟ್ಟಿನೆಲದ ಮೇಲೆ ನಡೆಸಿ ಕಾಲು ನೇರವಾಗಿ ಬೀಳುತ್ತದೆಯೇ ನೋಡುತ್ತಾರೆ. ಹೆಗಲು ಇಳಿಜಾರಾಗಿದೆಯೇ, ಹಿಂಗಾಲು ಹೊಟ್ಟೆಯ ಕೆಳಗೆ ಚೆನ್ನಾಗಿ ಬರುತ್ತದೆಯೇ ಎಂದು ಪರಿಶೀಲಿಸುತ್ತಾರೆ. ಸವಾರನಿಲ್ಲದೆ ಅಡ್ಡಗಂಬಗಳನ್ನು ಹಾರಿಸಿ, ಮುಂಗಾಲನ್ನು ಹೇಗೆ ಮಡಿಸುತ್ತದೆಂದು ಗಮನಿಸುತ್ತಾರೆ. ನೋಟ ಮಾತ್ರ ಸಾಲದೆಂದು ತಿಳಿದು, 1920ರ ದಶಕದಲ್ಲಿ, ಎಳೆಯ ಕುದುರೆಗೆ ಜೀನು ಹಾಕಿ ತಿಂಗಳುಗಟ್ಟಲೆ ದುಡಿಸಿ ಪರೀಕ್ಷಿಸುವ ಪದ್ಧತಿಯನ್ನೂ ತಂದರು.

ಇಷ್ಟೊಂದು ಕಟ್ಟುನಿಟ್ಟೇಕೆ ಎಂದು ಕೇಳುವವರಿಗೆ 1936ರ ಬರ್ಲಿನ್ ಒಲಿಂಪಿಕ್ ಉತ್ತರ ಹೇಳುತ್ತದೆ. ಅಲ್ಲಿ ನಾಲ್ಕನೆಯ ತಡೆಯ ಆಚೆಗಿದ್ದ ಕೊಳವೊಂದರಲ್ಲಿ ಕುದುರೆಯ ಮೇಲೆ ಕುದುರೆ ಮುಗ್ಗರಿಸಿತು. ಜರ್ಮನಿಯ ವಾಂಗೆನ್‌ಹೈಮ್ ಎಂಬ ಸವಾರ ಅಲ್ಲಿ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡೂ ಓಟವನ್ನು ಮುಗಿಸಿದ. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮುಗಿಸಲಾಗಲಿಲ್ಲ. ಕುದುರೆಗಳು ಪ್ರಾಣವನ್ನೂ ತೆತ್ತವು. ಅಂದು ಚಿನ್ನ ಗೆದ್ದ ನುರ್ಮಿ ಟ್ರಾಕೆನೆನ್ ತಳಿಯದು. ಆಯ್ಕೆ ತಪ್ಪಿದರೆ ಹೋಗುವುದು ಹಣವಷ್ಟೇ ಅಲ್ಲ, ಜೀವ. ಆದುದರಿಂದ ಬೇಡವೆನ್ನುವ ತಜ್ಞನನ್ನು ನಿರ್ದಯನೆನ್ನುವುದು ಸರಿಯಲ್ಲ. ಬಲಹೀನವಾದ ಕಾಲಿಗೆ ಅವನು ಇಲ್ಲವೆಂದರೆ ಅದೇ ದಯೆ.

ಆದರೆ ಅದೇ ಟ್ರಾಕೆನೆನ್ ತಳಿಗೆ ಚರಿತ್ರೆ ಇನ್ನೊಂದು ಪರೀಕ್ಷೆಯನ್ನೂ ಇಟ್ಟಿತು. 1945ರ ಚಳಿಗಾಲದಲ್ಲಿ ರಷ್ಯದ ಸೈನ್ಯ ಪೂರ್ವ ಪ್ರಷ್ಯಾವನ್ನು ಮುತ್ತಿದಾಗ ಜನ ಈ ಕುದುರೆಗಳನ್ನೇ ಗಾಡಿಗೆ ಕಟ್ಟಿ ಪಶ್ಚಿಮಕ್ಕೆ ಓಡಿದರು. ಹೆಪ್ಪುಗಟ್ಟಿದ ಹಿನ್ನೀರನ್ನು ದಾಟಿ, ಮೇಲಿನಿಂದ ವಿಮಾನದ ದಾಳಿಗೆ ಸಿಕ್ಕಿ, ಗಬ್ಬದ ಹೆಣ್ಣು ಕುದುರೆಗಳು ಕೂಡ ನೂರಾರು ಕಿಲೋಮೀಟರ್ ಗಾಡಿ ಎಳೆದವು. ಬದುಕಿ ಸೇರಿದವು ಕೆಲವೇ. ಇಂದಿನ ತಳಿ ಹೊಸದಾಗಿ ಬೆಳೆದದ್ದು ಆ ಕೆಲವರಿಂದ. ಆ ಮಂಜಿನ ಮೇಲೆ ಯಾವುದು ಬೀಳುವುದು, ಯಾವುದು ನಡೆಯುವುದು ಎಂದು ಮೊದಲೇ ಹೇಳಬಲ್ಲ ಮಂಡಲಿ ಯಾವುದಿತ್ತು?

ಈಚಿನ ಕಾಲಕ್ಕೆ ಬರೋಣ. ನ್ಯೂಜಿಲೆಂಡಿನ ಮಾರ್ಕ್ ಟಾಡ್ 1984ರಲ್ಲಿಯೂ 1988ರಲ್ಲಿಯೂ ಒಲಿಂಪಿಕ್ ಚಿನ್ನ ಗೆದ್ದದ್ದು ಕರಿಸ್ಮಾ ಎಂಬ ಗಿಡ್ಡ ಕುದುರೆಯ ಮೇಲೆ. ಟಾಡ್ ಬಹಳ ಎತ್ತರದ ಮನುಷ್ಯ. ಇಬ್ಬರನ್ನೂ ಒಟ್ಟಿಗೆ ಕಂಡವರು ಇದು ತಕ್ಕ ಜೋಡಿಯೆಂದು ಹೇಳುವಂತಿರಲಿಲ್ಲ. ಕರಿಸ್ಮಾ ವಾರ್ಮ್‌ಬ್ಲಡ್ ಅಲ್ಲ. ಆ ತಳಿಯಲ್ಲಿಯೇ ಉದಾಹರಣೆ ಬೇಕೆಂದರೆ 2000ದಲ್ಲಿ ಹುಟ್ಟಿದ, ನೈಋತ್ಯ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ತಳಿಯ ಸ್ಯಾಮ್ ಇದೆ. ಬೀಜದ ಕುದುರೆಯಾಗಲು ಸ್ಯಾಮಿಗೆ ಮಂಡಲಿಯ ಒಪ್ಪಿಗೆ ಸಿಗಲಿಲ್ಲ. ಬೀಜ ಒಡೆಸಿ ಸವಾರಿಗೆ ಬಿಟ್ಟರು. ಮಿಖಾಯೆಲ್ ಯೂಂಗ್ ಎಂಬ ಸವಾರ ಅದನ್ನು ಪಳಗಿಸಿದ. 2010ರಲ್ಲಿ ವಿಶ್ವ ಪ್ರಶಸ್ತಿ, 2011ರಲ್ಲಿ ಯೂರೋಪಿನ ಪ್ರಶಸ್ತಿ, 2012ರಲ್ಲಿ ಲಂಡನ್ನಿನ ಚಿನ್ನ, 2016ರಲ್ಲಿ ರಿಯೋದಲ್ಲಿ ಮತ್ತೆ ಚಿನ್ನ, ಎಲ್ಲವೂ ಇದೇ ಕುದುರೆಗೆ. ಬೇಡವೆನಿಸಿಕೊಂಡ ಈ ಕುದುರೆಯ ವಂಶವನ್ನು ಮುಂದುವರಿಸುವ ದಾರಿ ಮಾತ್ರ ಆಗಲೇ ಮುಚ್ಚಿಹೋಗಿತ್ತು.

ಇದರಿಂದ ಮಂಡಲಿಯವರು ಅವಿವೇಕಿಗಳೆಂದು ತೀರ್ಮಾನಿಸುವುದು ಸುಲಭ, ಆದರೆ ತಪ್ಪು. ಅವರು ಬೇಡವೆಂದ ಕುದುರೆಗಳಲ್ಲಿ ಎಷ್ಟೋ ನಿಜವಾಗಿಯೂ ಬೇಡವಾದವೇ ಇರಬೇಕು. ಅವರು ಕಂಡದ್ದು ದೇಹವನ್ನು. ಕ್ಸೆನೊಫೋನ್ ಹೇಳಿದಂತೆ ಅದಕ್ಕಿಂತ ಹೆಚ್ಚನ್ನು ಕಾಣುವಂತಿರಲಿಲ್ಲ. ಸ್ಯಾಮಿನ ಪುಣ್ಯವೆಂದರೆ, ತೀರ್ಪಾದ ಮೇಲೂ ಅದಕ್ಕೆ ದಿನದಿನವೂ ಜೀನು ಹಾಕಿ, ವರ್ಷಗಳ ಕಾಲ ತಾಳ್ಮೆಯಿಂದ ದುಡಿಸಿದವರೊಬ್ಬರು ಇದ್ದರು. ಹಾಗೆ ಯಾರೂ ಸಿಗದ ಕುದುರೆಯ ಕಥೆಯನ್ನು ಯಾವ ಚರಿತ್ರೆಕಾರ ಬರೆಯಬಲ್ಲ?

ಈ ಪ್ರಶ್ನೆ ನನ್ನನ್ನು ಕುದುರೆಲಾಯದಿಂದ ನನ್ನ ತರಗತಿಗೆ ಎಳೆದು ತಂದಿತು. ಕೆಲವು ವರ್ಷಗಳ ಹಿಂದೆ ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಇಬ್ಬರನ್ನು ಆರಿಸುವ ಭಾರ ನನ್ನ ಮೇಲೆ ಬಿದ್ದಿತ್ತು. ಒಂಬತ್ತು ಮಂದಿ ಬಂದಿದ್ದರು. ಅವರಲ್ಲಿ ಒಬ್ಬ ಹುಡುಗಿಯ ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು. ದನಿ ಎರಡನೆಯ ಬೆಂಚಿಗೂ ತಲುಪಲಿಲ್ಲ. ಮೂರು ವಾಕ್ಯವಾಗುವಷ್ಟರಲ್ಲಿ "ಸಾಕಮ್ಮ, ಕೂತ್ಕೋ" ಎಂದೆ. "ಆಗ್ಲಿ ಸಾರ್" ಎಂದು ಹಾಳೆ ಮಡಿಸಿಕೊಂಡು ಹೋದಳು. ಅವಳ ಬರವಣಿಗೆ ಆ ತರಗತಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿದೆಯೆಂದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ತಿಳಿಯಿತು. ಮರುವರ್ಷ ನೋಟೀಸು ಹಾಕಿ ಕಾದೆ. ಅವಳು ಹೆಸರು ಕೊಡಲಿಲ್ಲ. ನಾನೂ ಕರೆದು ಕೇಳಲಿಲ್ಲ. ಓದು ಮುಗಿಸಿ ಹೊರಟುಹೋದಳು.

ಅಂದಿನ ನನ್ನ ಆಯ್ಕೆ ತಪ್ಪೆಂದು ಇಂದೂ ನಾನು ಹೇಳಲಾರೆ. ಗೆದ್ದು ಬಂದ ಇಬ್ಬರು ಚೆನ್ನಾಗಿಯೇ ಮಾತಾಡಿದ್ದರು. ಕಣ್ಣಿಗೆ ಕಂಡಷ್ಟನ್ನು ಕಂಡು ಹೇಳಿದ್ದೆ. ಒಂದು ಬೆಳಗಿನ ಆ ನೋಟವನ್ನೇ ಕೊನೆಯ ಮಾತೆಂದು ಅವಳೂ ತಿಳಿಯಲು ಬಿಟ್ಟದ್ದು ತಪ್ಪು. ಈ ವರ್ಷದ ನೋಟೀಸಿನಲ್ಲಿ ಹೊಸದಾಗಿ ಒಂದು ಸಾಲು ಬರೆದಿದ್ದೇನೆ: ಹಿಂದಿನ ವರ್ಷ ಆಯ್ಕೆಯಾಗದಿದ್ದವರೂ ತಪ್ಪದೆ ಬರಬೇಕು.