ಡಬ್ಬದೊಳಗಿನ ರಾಗಿ ಸರಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬವಿತ್ತು. ಅದರ ಮೇಲೆ ದುಂಡು ಕೆನ್ನೆಯ ಮಗುವಿನ ಚಿತ್ರ. ತಮ್ಮ ಹುಟ್ಟಿದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಅಪ್ಪ ತುಮಕೂರಿನಿಂದ ತಂದ ಹಾಲಿನ ಪುಡಿಯ ಡಬ್ಬ. ತಂದದ್ದು ಅದೊಂದೇ, ಎರಡನೆಯದಕ್ಕೆ ದುಡ್ಡಿರಲಿಲ್ಲ. ಅಮ್ಮ ಆ ಒಂದನ್ನೇ ನೀರು ಹೆಚ್ಚು ಮಾಡಿ ಮಾಡಿ ಎರಡು ತಿಂಗಳು ಓಡಿಸಿದಳು. ತಮ್ಮ ಸೊರಗಿದ, ಭೇದಿ ಹತ್ತಿಕೊಂಡಿತು. ಕೊನೆಗೆ ಅಜ್ಜಿ ಯಾರನ್ನೂ ಕೇಳದೆ ರಾಗಿ ನೆನೆಹಾಕಿದಳು. ಖಾಲಿ ಡಬ್ಬಕ್ಕೆ ಸರಿ ಹಿಟ್ಟು ಬಂತು. ನೆಂಟರು ಯಾರಾದರೂ ನೋಡಿ, “ಓಹೋ, ಮಗೂಗೆ ಡಬ್ಬದ್ದೇ ಹಾಕ್ತೀರಾ?” ಎಂದರೆ ಅಮ್ಮ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ಅವಳು ನಾಚಿಕೆಯಿಂದ ಸುಮ್ಮನಿರುತ್ತಿದ್ದಳು ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಸರಿ ಹಿಟ್ಟು ಮೂರ್ನಾಲ್ಕು ದಿನದ ಕೆಲಸ. ರಾಗಿಯನ್ನು ಕೇರಿ, ಕಲ್ಲುಮಣ್ಣು ಹೋಗುವವರೆಗೆ ತೊಳೆದು, ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಒದ್ದೆ ಪಂಚೆಯಲ್ಲಿ ಗಂಟು ಕಟ್ಟಿಟ್ಟರೆ ಮಾರನೇ ದಿನಕ್ಕೆ ಬಿಳಿ ಮೊಳಕೆ ಬಟ್ಟೆಯಿಂದ ಇಣುಕುತ್ತಿತ್ತು. ಅದನ್ನು ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ತೌಡು ಎಮ್ಮೆಗೆ. ಘಮ್ಮೆನ್ನಲಿ ಎಂದು ನಾವು ಜೋರಾಗಿ ಹುರಿಯಲು ಹೋದರೆ ಅಜ್ಜಿ ಬೈಯುತ್ತಿದ್ದಳು. ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೂ ಬೈಗುಳವೇ. ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಬೇಕು. ಯಾಕಜ್ಜಿ ಎಂದರೆ, “ಸರಿ ಮಾಡೋದೇ ಹಂಗೆ” ಅಷ್ಟೆ.

ಉತ್ತರ ಸಿಕ್ಕಿದ್ದು ನಾನು ರಸಾಯನಶಾಸ್ತ್ರ ಪಾಠ ಮಾಡಲು ಶುರುಮಾಡಿದ ಮೇಲೆ. ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ತೆಳ್ಳಗಾಗಿಸುತ್ತದೆ. ಮೊಳಕೆ ಕಟ್ಟದ ಹಿಟ್ಟು ಬೆಂದರೆ ಅಂಟಿನಂತೆ ಗಟ್ಟಿ. ಮಗು ನುಂಗುವಷ್ಟು ನೀರು ಮಾಡಿದರೆ ಅದರಲ್ಲಿ ಹಿಟ್ಟೇ ಇರುವುದಿಲ್ಲ. ಮಗುವಿನ ಹೊಟ್ಟೆ ಚಿಕ್ಕದು, ನೀರಿಗೇ ತುಂಬಿಬಿಡುತ್ತದೆ. ಮೊಳಕೆ ಹಿಟ್ಟಾದರೆ ಅಷ್ಟೇ ತೆಳುವಾದ ಗಂಜಿಗೆ ಇನ್ನಷ್ಟು ಹಿಟ್ಟು ಹಿಡಿಯುತ್ತದೆ. ಆದರೆ ಜೋರಾಗಿ ಹುರಿದರೂ, ಕುದಿನೀರಿಗೆ ಹಾಕಿದರೂ ಕಿಣ್ವ ಕೆಟ್ಟುಹೋಗುತ್ತದೆ. ಅಜ್ಜಿಯ ಎರಡು ಬೈಗುಳಕ್ಕೂ ಕಾರಣ ಒಂದೇ.

ಇದನ್ನೇ ಯುರೋಪಿನಲ್ಲಿ ದೊಡ್ಡ ಹೆಸರಿನ ಒಬ್ಬ ತಾತ ಮಾಡಿದ್ದ. ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್, ತಾಯಿಹಾಲು ಸಿಗದ ತನ್ನ ಮೊಮ್ಮಕ್ಕಳ ಸಲುವಾಗಿ ಒಂದು ಗಂಜಿ ರೂಪಿಸಿ 1865ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದ. ಗೋಧಿ ಹಿಟ್ಟು, ಹಸುವಿನ ಹಾಲು, ಚಿಟಿಕೆ ಪೊಟ್ಯಾಸಿಯಂ ಬೈಕಾರ್ಬೊನೇಟ್, ಜೊತೆಗೆ ಮೊಳಕೆ ಬರಿಸಿದ ಕಾಳಿನ ಹಿಟ್ಟು. ಅದು ಬೇಗನೆ ಅಂಗಡಿ ಸರಕಾಯಿತು. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಆನ್ರಿ ನೆಸ್ಲೆ ಹಾಲು, ಗೋಧಿ, ಸಕ್ಕರೆ ಬೆರೆಸಿದ ತನ್ನ ಹಿಟ್ಟು ಮಾರಲು ಕೂತ. ಅಮೆರಿಕಕ್ಕೆ ಹೋದ ಹಾರ್ಲಿಕ್ ಸಹೋದರರು 1883ರಲ್ಲಿ ಮಾಲ್ಟೆಡ್ ಹಾಲಿಗೆ ಪೇಟೆಂಟ್ ಪಡೆದರು. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಬೇರೇನಲ್ಲ. ನಮ್ಮೂರಲ್ಲಿ ಹಾರ್ಲಿಕ್ಸ್ ಬಾಟಲಿ ಇದ್ದ ಮನೆಯೆಂದರೆ ಅನುಕೂಲಸ್ಥರ ಮನೆ. ಗಂಟಿನ ರಾಗಿ ಮಾತ್ರ ಬಡವರ ಪಾಡು!

ನಮ್ಮ ನಾಡಿನಲ್ಲಿ ಈ ಎರಡೂ ದಾರಿ ಕೂಡುವುದು ಮೈಸೂರಿನಲ್ಲಿ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಅಲ್ಲಿನವರು ಕಂಡುಕೊಂಡರು, ಆನಂದ್‌ನ ಅಮುಲ್ ಅದನ್ನು ಡಬ್ಬಕ್ಕೆ ತುಂಬಿತು. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಗಳು ಮೊಳಕೆ ರಾಗಿಗೆ ಹೆಸರುಕಾಳು ಸೇರಿಸಿ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿದರು.

ನೀರು ಹೆಚ್ಚು ಮಾಡಿದ್ದು ನಮ್ಮಮ್ಮ ಒಬ್ಬಳೇ ಅಲ್ಲ. ಸಿಂಗಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ 1939ರಲ್ಲೇ ‘ಹಾಲು ಮತ್ತು ಕೊಲೆ’ ಎಂಬ ಹೆಸರಿಟ್ಟು ಭಾಷಣ ಮಾಡಿ, ಎಳೆಮಕ್ಕಳಿಗೆ ಡಬ್ಬದ ಹಾಲು ಹಿಡಿಸುವ ಪ್ರಚಾರವನ್ನು ಖಂಡಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅದರ ಮಾರಾಟಕ್ಕೆ ಸಂಹಿತೆ ತಂದದ್ದು 1981ರಲ್ಲಿ. ನಮ್ಮಲ್ಲಿ ಕಾನೂನು ಬಂದದ್ದು 1992ರಲ್ಲಿ. ಅದರ ಪ್ರಕಾರ ಡಬ್ಬದ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಅಮ್ಮನಿಗೆ ಇದೆಲ್ಲ ತಡವಾಯಿತು.

ಹಾಗೆಂದು ಅಜ್ಜಿಯನ್ನು ಪೀಠಕ್ಕೇರಿಸಲಾರೆ. ಮೂರು ತಿಂಗಳಿಗೇ ಒಳಲೆಯಲ್ಲಿ ಸರಿ ಹಾಕುತ್ತಿದ್ದವಳು ಅವಳು. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ ಈಗ. ಗಂಟಿನ ರಾಗಿಗೆ ಬೂಷ್ಟು ಹಿಡಿದದ್ದನ್ನೂ ನೋಡಿದ್ದೇನೆ. ಬರೀ ರಾಗಿಯಿಂದಲೇ ಮಗು ಬೆಳೆಯುವುದಿಲ್ಲ, ಬೇಳೆಯೂ ಬೇಕು.

ಹೋದ ತಿಂಗಳು ಬೆಂಗಳೂರಿನಿಂದ ಮಗಳು ಫೋನು ಮಾಡಿದಳು. “ಅಮ್ಮಾ, ಮೊಳಕೆ ರಾಗಿ ಪುಡಿ ಆನ್‌ಲೈನಲ್ಲಿ ಸಿಗುತ್ತೆ, ತರಿಸಲಾ?” ಬೆಲೆ ಕೇಳಿ ಅಮ್ಮನಿಗೆ ಹೇಳಿದೆ. ಎಂಬತ್ತು ದಾಟಿದ ಅಮ್ಮ ನಕ್ಕಳು, ಏನೂ ಹೇಳಲಿಲ್ಲ. ಸಂಜೆ ನೋಡಿದರೆ ರಾಗಿ ನೆನೆಹಾಕಿದ್ದಳು. ನಾಲ್ಕು ದಿನದ ಮೇಲೆ ಹಿಟ್ಟನ್ನು ಅದೇ ಡಬ್ಬಕ್ಕೆ ತುಂಬಿ ನನ್ನ ಕೈಗೆ ಕೊಟ್ಟು, “ಕುದಿಯೋ ನೀರಿಗೆ ಹಾಕ್ಬೇಡ ಅನ್ನು ಅವಳಿಗೆ” ಎಂದಳು. ಡಬ್ಬದ ಮೇಲಿನ ಮಗುವಿನ ಮುಖ ಪೂರ್ತಿ ಸವೆದುಹೋಗಿದೆ. ಒಂದು ಕೆನ್ನೆ ಮಾತ್ರ ಉಳಿದಿದೆ.