ದೊಡ್ಡ ವಿಡಿಯೋ ಕಡತವನ್ನು ಸಂಕಲನ ತಂತ್ರಾಂಶ ಒಲ್ಲೆನೆಂದಾಗ

ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ಚಿತ್ರೀಕರಣ ಈಗ ಮನೆಮಂದಿಯ ಕೈಗೇ ಬಂದಿದೆ. ಎರಡು ತಾಸಿನ ಸಮಾರಂಭವನ್ನು ಎಡೆಬಿಡದೆ ಸೆರೆಹಿಡಿದವರು, ಅದನ್ನು ಕತ್ತರಿಸಿ ಜೋಡಿಸಲು ಉಚಿತವಾದ ಇಲ್ಲವೇ ಅಗ್ಗದ ಸಂಕಲನ ತಂತ್ರಾಂಶವೊಂದನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುತ್ತಾರೆ. ತೊಡಕು ಆರಂಭವಾಗುವುದು ಅಲ್ಲಿಯೇ. ಕಡತವನ್ನು ಒಳಗೆ ತರುವಷ್ಟರಲ್ಲಿ ತಂತ್ರಾಂಶ ಸ್ತಬ್ಧವಾಗುತ್ತದೆ. ಇಲ್ಲವೇ ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇಲ್ಲವೇ ಕಡತವನ್ನು ತೆರೆಯಲಾಗದು ಎಂಬ ಒಂದು ಸಾಲಿನ ಸಂದೇಶ ಮೂಡುತ್ತದೆ. ಚಿತ್ರೀಕರಣವೇ ಕೆಟ್ಟಿತೆಂದು ಭಾವಿಸಿ ಮೆಮೊರಿ ಕಾರ್ಡನ್ನು ಅಳಿಸಿಬಿಡುವವರೂ ಉಂಟು. ಆದರೆ ಬಹುತೇಕ ಸಂದರ್ಭಗಳಲ್ಲಿ ಕಡತಕ್ಕೆ ಏನೂ ಆಗಿರುವುದಿಲ್ಲ.

ಮೊದಲ ಪರೀಕ್ಷೆ ಸುಲಭವಾದುದು. ಉಚಿತವಾಗಿ ದೊರೆಯುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಕಡತವನ್ನು ತೆರೆದು, ಆದಿ, ಮಧ್ಯ, ಅಂತ್ಯಗಳನ್ನು ನೋಡಬೇಕು. ಅಲ್ಲಿ ಸರಿಯಾಗಿ ಓಡಿದರೆ ದೋಷ ಕಡತದ್ದಲ್ಲ, ಅದನ್ನು ಓದಲಾರದ ತಂತ್ರಾಂಶದ್ದು ಎಂದು ತಿಳಿಯಬಹುದು.

ಗಾತ್ರದ ಮಿತಿ ಹಳೆಯ ಕಥೆ. ಮೈಕ್ರೋಸಾಫ್ಟ್ 1992ರಲ್ಲಿ ತಂದ ಎವಿಐ ಮಾದರಿಯು ತನ್ನ ಗಾತ್ರವನ್ನು 32 ಬಿಟ್‌ಗಳ ಸಂಖ್ಯೆಯಲ್ಲಿ ಬರೆದಿಡುತ್ತಿತ್ತು. ಹೀಗಾಗಿ ಆ ಕಾಲದ ಅನೇಕ ತಂತ್ರಾಂಶಗಳು 2 ಜಿಬಿಗಿಂತ ದೊಡ್ಡ ಕಡತವನ್ನು ಓದಲಾರದೆ ಹೋದವು. ಡಿವಿ ಕ್ಯಾಮೆರಾದ ಟೇಪು ಗಣಕಕ್ಕೆ ಇಳಿದಾಗ ತಾಸಿಗೆ ಸುಮಾರು 13 ಜಿಬಿ ಜಾಗ ಬೇಡುತ್ತಿತ್ತು. ಅಂದರೆ ಒಂಬತ್ತು ನಿಮಿಷ ಕಳೆಯುವಷ್ಟರಲ್ಲಿ ಮಿತಿ ಮುಗಿಯುತ್ತಿತ್ತು. 1996ರಲ್ಲಿ ಬಂದ ಓಪನ್‌ಡಿಎಂಎಲ್ ವಿಸ್ತರಣೆ ಈ ಗೋಡೆಯನ್ನು ಒಡೆಯಿತಾದರೂ ಹಳೆಯ ತಂತ್ರಾಂಶಗಳಲ್ಲಿ ಅದು ಇನ್ನೂ ನಿಂತಿದೆ. 2000ದಲ್ಲಿ ವಿಂಡೋಸ್ ಮಿ ಜೊತೆ ಬಂದು ಮನೆಮಾತಾದ ಮೂವಿ ಮೇಕರ್‌ಗೆ 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ವಿದಾಯ ಹೇಳಿದೆ. ಅದನ್ನೇ ನೆಚ್ಚಿಕೊಂಡು ಇಂದಿನ ಮೊಬೈಲ್ ಕಡತಗಳನ್ನು ತುರುಕುವುದು ವ್ಯರ್ಥ ಶ್ರಮ.

ಎರಡನೆಯ ಗೋಡೆ ಡಿಸ್ಕಿನದು. ಫ್ಯಾಟ್32 ಪದ್ಧತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಲ್ಲಿ 64 ಜಿಬಿ ಖಾಲಿ ಇದ್ದರೂ 4 ಜಿಬಿ ಮೀರಿದ ಒಂದೇ ಕಡತ ಅದರೊಳಗೆ ಕೂರದು. ಎನ್‌ಟಿಎಫ್‌ಎಸ್ ಇಲ್ಲವೇ ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಿಸಿದರೆ ಸಮಸ್ಯೆ ಇಲ್ಲ. ಆದರೆ ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆಂಬ ಎಚ್ಚರ ಅಗತ್ಯ. ಇದೇ ಮಿತಿಯಿಂದಾಗಿ ಅನೇಕ ಕ್ಯಾಮೆರಾಗಳು ದೀರ್ಘ ಚಿತ್ರೀಕರಣವನ್ನು ತಾವಾಗಿಯೇ ತುಂಡು ಮಾಡುತ್ತವೆ. ಮಾಂಗಲ್ಯಧಾರಣೆಯ ಗಳಿಗೆ ಸರಿಯಾಗಿ ಎರಡು ತುಂಡುಗಳ ನಡುವೆ ಬಂದರೆ, ಸಂಕಲನದಲ್ಲಿ ಆ ಕೀಲಿನಲ್ಲಿ ಧ್ವನಿ ಕ್ಷಣಕಾಲ ಕಡಿಯುವುದುಂಟು. ಎವಿಸಿಎಚ್‌ಡಿ ಕ್ಯಾಮೆರಾದ ಎಂಟಿಎಸ್ ಕಡತಗಳನ್ನು ಸಂಕಲನಕ್ಕೆ ಮುನ್ನವೇ ಒಂದರ ಬಾಲಕ್ಕೆ ಇನ್ನೊಂದನ್ನು ನೇರವಾಗಿ ಅಂಟಿಸಿದರೆ ಈ ಕಡಿತ ತಪ್ಪುತ್ತದೆ. ಎಂಪಿ4 ಕಡತಗಳಿಗೆ ಈ ಉಪಾಯ ನಡೆಯದು. ಕ್ಯಾಮೆರಾ ತಯಾರಕರೇ ಕೊಡುವ ತಂತ್ರಾಂಶ ಬಳಸುವವರು ಬಿಡಿ ಕಡತಗಳನ್ನಷ್ಟೇ ಹೆಕ್ಕದೆ, ಕಾರ್ಡಿನ ಇಡೀ ಫೋಲ್ಡರನ್ನು ನಕಲಿಸಿಕೊಳ್ಳುವುದು ಲೇಸು.

ಇಂದಿನ ತೊಂದರೆಗಳಲ್ಲಿ ಹೆಚ್ಚಿನವು ಗಾತ್ರಕ್ಕಿಂತ ಕೋಡೆಕ್‌ಗೆ ಸಂಬಂಧಿಸಿದವು. ದೃಶ್ಯವನ್ನು ಕುಗ್ಗಿಸಿ ಹಿಗ್ಗಿಸುವ ವಿಧಾನವೇ ಕೋಡೆಕ್. 2013ರಲ್ಲಿ ರೂಪುಗೊಂಡ ಎಚ್‌ಇವಿಸಿ ವಿಧಾನವನ್ನು ಐಫೋನ್ 2017ರಿಂದ ಬಳಸುತ್ತಿದೆ. 4ಕೆ ದೃಶ್ಯ ಸೆಕೆಂಡಿಗೆ 30 ಫ್ರೇಮ್‌ಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿಯಲ್ಲೇ ಅಡಗುತ್ತದೆ. ಆದರೆ ಇದಕ್ಕೆ ಪರವಾನಗಿ ಶುಲ್ಕವುಂಟು. ಅಗ್ಗದ ತಂತ್ರಾಂಶಗಳು ಮೊದಲು ಕೈಬಿಡುವುದು ಇಂಥದ್ದನ್ನೇ. ವಿಂಡೋಸ್‌ನಲ್ಲಿ ಸಹ ಇದರ ವಿಸ್ತರಣೆಯನ್ನು ಪ್ರತ್ಯೇಕವಾಗಿ ಅಲ್ಪ ಶುಲ್ಕಕ್ಕೆ ಪಡೆಯಬೇಕಾಗಬಹುದು. ಶಾಟ್‌ಕಟ್, ಕೆಡೆನ್‌ಲೈವ್‌ನಂತಹ ಮುಕ್ತ ತಂತ್ರಾಂಶಗಳು ಎಫ್‌ಎಫ್‌ಎಂಪೆಗ್ ಆಧಾರದಿಂದ ಇದನ್ನು ಓದಬಲ್ಲವು.

ಓದಬಲ್ಲ ತಂತ್ರಾಂಶವೂ ಏದುಸಿರು ಬಿಡುವುದೇಕೆ? ಒಂದು 4ಕೆ ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ಕುಗ್ಗಿಸದೆ ಬಿಡಿಸಿಟ್ಟರೆ ಅದೊಂದೇ 25 ಎಂಬಿಯಷ್ಟಾಗುತ್ತದೆ. ಅಂಥವು ಸೆಕೆಂಡಿಗೆ ಮೂವತ್ತು. ಇದಲ್ಲದೆ ಕುಗ್ಗಿಸಿದ ಕಡತದಲ್ಲಿ ಪೂರ್ಣ ಚಿತ್ರಗಳು ಅಲ್ಲೊಂದು ಇಲ್ಲೊಂದು ಮಾತ್ರ. ಉಳಿದವು ಅಕ್ಕಪಕ್ಕದ ಚಿತ್ರಗಳಿಗಿಂತ ಏನು ಬದಲಾಗಿದೆ ಎಂಬ ಟಿಪ್ಪಣಿಗಳು. ನಡುವಿನ ಯಾವುದೋ ಕ್ಷಣವನ್ನು ತೋರಿಸಬೇಕಾದರೆ ಗಣಕವು ಹಿಂದಿನ ಪೂರ್ಣ ಚಿತ್ರದವರೆಗೆ ಹೋಗಿ ಲೆಕ್ಕ ಹಾಕುತ್ತ ಬರಬೇಕು. ನೋಡುವುದಕ್ಕೆ ಇದು ಅಡ್ಡಿಯಲ್ಲ, ಕತ್ತರಿಸುವುದಕ್ಕೆ ಅಡ್ಡಿ.

ಇದಕ್ಕೆ ಪರಿಹಾರ 'ಪ್ರಾಕ್ಸಿ'. ಮೂಲ ಕಡತಕ್ಕೆ ಬದಲಾಗಿ ಅದರ ಹಗುರವಾದ ಪ್ರತಿಯೊಂದನ್ನು ಮುಂದಿಟ್ಟುಕೊಂಡು ಕತ್ತರಿಸಿ, ಕೊನೆಯಲ್ಲಿ ತಂತ್ರಾಂಶವೇ ಮೂಲದಿಂದ ಅಂತಿಮ ಪ್ರತಿಯನ್ನು ತಯಾರಿಸುವ ವ್ಯವಸ್ಥೆಯಿದು. ಶಾಟ್‌ಕಟ್, ಕೆಡೆನ್‌ಲೈವ್ ಎರಡರಲ್ಲೂ ಈ ಸೌಲಭ್ಯವಿದೆ, ಹಣವೂ ಬೇಕಿಲ್ಲ. ಮೂಲವನ್ನೇ ಸಂಕಲನಸ್ನೇಹಿ ಮಾದರಿಗೆ ಪರಿವರ್ತಿಸುವುದು ಇನ್ನೊಂದು ದಾರಿ. ಆದರೆ ಸಾಮಾನ್ಯ ಎಚ್‌ಡಿ ದೃಶ್ಯ ಪ್ರೊರೆಸ್ 422 ಮಾದರಿಗೆ ಬಂದಾಗ ತಾಸಿಗೆ 66 ಜಿಬಿಯಷ್ಟು ಜಾಗ ನುಂಗುತ್ತದೆ. ಡಿಸ್ಕಿನಲ್ಲಿ ಸ್ಥಳ ನೋಡಿಕೊಂಡೇ ಇದಕ್ಕೆ ಕೈಹಾಕಬೇಕು.

ಮೊಬೈಲ್ ದೃಶ್ಯಗಳಲ್ಲಿ ಮತ್ತೊಂದು ಕಿರಿಕಿರಿ ಇದೆ. ಬೆಳಕು, ಹೊರೆಗಳಿಗೆ ತಕ್ಕಂತೆ ಮೊಬೈಲು ಫ್ರೇಮ್‌ಗಳ ವೇಗವನ್ನು ಹಿಂದುಮುಂದು ಮಾಡುವುದರಿಂದ ಸಂಕಲನದಲ್ಲಿ ತುಟಿಚಲನೆಗೂ ಮಾತಿಗೂ ತಾಳೆಯಾಗುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗವನ್ನು ಆಯ್ದು ಪರಿವರ್ತಿಸಿದರೆ ಸಾಕು.

ಕಡತವೇ ನಿಜವಾಗಿ ಕೆಟ್ಟಿರುವ ಸಂದರ್ಭವೂ ಒಂದುಂಟು. ಎಂಪಿ4 ಕಡತದ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಚಿತ್ರೀಕರಣ ನಿಲ್ಲಿಸಿದಾಗ ಬರೆಯುತ್ತದೆ. ನಡುವೆಯೇ ಬ್ಯಾಟರಿ ಸತ್ತರೆ ಕಡತದ ಗಾತ್ರ ಹಲವು ಜಿಬಿ ತೋರಿಸಿದರೂ ಯಾವ ತಂತ್ರಾಂಶವೂ, ವಿಎಲ್‌ಸಿ ಸಹ, ಅದನ್ನು ತೆರೆಯದು. ಆಗಲೂ ದೃಶ್ಯ ಹಲವೊಮ್ಮೆ ಒಳಗೇ ಇರುತ್ತದೆ. ಅದೇ ಕ್ಯಾಮೆರಾದಲ್ಲಿ, ಅದೇ ಗುಣಮಟ್ಟದಲ್ಲಿ ತೆಗೆದ ಸರಿಯಾದ ಕಡತವೊಂದನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಮುಕ್ತ ತಂತ್ರಾಂಶ ಸೂಚಿಯನ್ನು ಮರಳಿ ಕಟ್ಟಲು ಯತ್ನಿಸುತ್ತದೆ. ಎಷ್ಟೋ ಸಲ ಯಶಸ್ವಿಯೂ ಆಗುತ್ತದೆ. ಆ ಮಾದರಿಯನ್ನು ಬೇರೆ ಕಾರ್ಡಿನಲ್ಲಿ ತೆಗೆಯಬೇಕು. ಕೆಟ್ಟ ಕಡತವಿರುವ ಕಾರ್ಡಿಗೆ ಅಲ್ಲಿಯವರೆಗೆ ಒಂದೇ ಒಂದು ಹೊಸ ಚಿತ್ರವನ್ನೂ ಇಳಿಸಕೂಡದು.