ಹಾವು, ಏಣಿ, ಒಂಬತ್ತು ಮನೆ



ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ತಂದಿದ್ದ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ. ನಮ್ಮ ಯುವಜನ ಬಳಗ ಮೂರು ಸಂಜೆ ಆಡಿತು. ಎರಡನೆಯ ಸಂಜೆಯೇ ಜಗಳ. ನಮ್ಮಲ್ಲೊಬ್ಬ ಜೊತೆಗಾರನ ಚಿನ್ನ ಕದ್ದು, "ನನ್ನ ಪಾತ್ರವೇ ಕೆಟ್ಟದ್ದು, ನಾನೇನು ಮಾಡಲಿ?" ಎಂದ. ಸುದ್ದಿ ಮನೆಗಳಿಗೆ ಹೋಯಿತು. ಇದೆಂಥ ಆಟ ಎಂದು ದೊಡ್ಡವರು ಕೇಳಿದರು. ಕೇಳಿದ್ದು ನ್ಯಾಯವೇ.

ಪಾಪಪುಣ್ಯವನ್ನು ಆಟದಲ್ಲಿಡುವುದು ನಮ್ಮ ಕಡೆಗೆ ಹೊಸದಲ್ಲ. ವೈಕುಂಠ ಏಕಾದಶಿಯ ಜಾಗರಣೆಗೆ ತಮಿಳುನಾಡಿನ ಮನೆಗಳಲ್ಲಿ ಪರಮಪದ ಆಡುತ್ತಾರೆ. ಅದಿಯಮಾನ್‌ಕೋಟೆಯ ನಮಗೆ ಅದು ನೆರೆಮನೆಯ ಆಟ. ಸದ್ಗುಣ ಏಣಿ, ದುರ್ಗುಣ ಹಾವು. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅದೇ ಮಕ್ಕಳ ಹಾವು-ಏಣಿಯಾಯಿತು. ಆದರೆ ಅಲ್ಲಿ ಎಲ್ಲವೂ ದಾಳದ ಕೈಯಲ್ಲಿ. ಹಾವಿನ ಬಾಯಿಗೆ ಬಿದ್ದವನು ತಪ್ಪು ಮಾಡಿರುವುದಿಲ್ಲ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಆಟದಲ್ಲಿ ಆಯ್ಕೆ ಆಡುವವರದು. ಪಾತ್ರದ ನಡತೆ ಯಾವ ಕಡೆ ಎಂಬ ಗುರುತಿಗೆ 'ಅಲೈನ್‌ಮೆಂಟ್' ಎನ್ನುತ್ತಾರೆ. ಮೊದಲು ಮೂರೇ ಇದ್ದವು: ಕಟ್ಟಳೆ, ಗೊಂದಲ, ನಡುವಿನದು. ಪೌಲ್ ಆಂಡರ್ಸನ್, ಮೈಕೆಲ್ ಮೂರ್ಕಾಕ್ ಅವರ ಕಾದಂಬರಿಗಳ ಪ್ರಭಾವ ಅದು. ಆಗ ಅದು ಗುಣಕ್ಕಿಂತ ಹೆಚ್ಚಾಗಿ ಯಾವ ಪಕ್ಷ ಎಂಬ ಲೆಕ್ಕ. 1976ರಲ್ಲಿ ಗೈಗ್ಯಾಕ್ಸ್ ಒಳಿತು-ಕೆಡುಕು ಎಂಬ ಇನ್ನೊಂದು ಗೆರೆಯನ್ನು ಅಡ್ಡ ಎಳೆದರು. 1978ರ ಹೊತ್ತಿಗೆ ಮೂರು ಮೂರಲ ಒಂಬತ್ತು ಮನೆಗಳಾದವು. ಕಟ್ಟಳೆ ಪಾಲಿಸುವುದು ಬೇರೆ, ಒಳ್ಳೆಯವನಾಗುವುದು ಬೇರೆ ಎಂದಾಯಿತು. ದುಂದುಗಾರ ಮಗನ ಸಾಮತಿಯ ಹಿರಿಯಣ್ಣನನ್ನು ಯಾವ ಮನೆಯಲ್ಲಿ ಕೂರಿಸೋಣ? ನಮ್ಮ ಬಳಗದಲ್ಲಿ ಇನ್ನೂ ಒಮ್ಮತವಿಲ್ಲ.

ಇನ್ನೊಂದು ವಿಷಯ ಗೊತ್ತಾದಾಗ ನಾವು ಬೆರಗಾದೆವು. 'ಪಾಲಡಿನ್' ಎಂಬ ಧರ್ಮವೀರ ತಿಳಿದೂ ಕಟ್ಟಳೆ ಮೀರಿದರೆ ಯಾಜಕನ ಬಳಿ ಪಾಪನಿವೇದನೆ ಮಾಡಿ ಪ್ರಾಯಶ್ಚಿತ್ತ ಮಾಡಬೇಕೆಂದು 1978ರ ನಿಯಮಪುಸ್ತಕ ಹೇಳಿತ್ತು! ಆದರೆ ಬೇಕೆಂದೇ ಕೆಡುಕು ಮಾಡಿದರೆ ಆ ಪದವಿ ಹೋದದ್ದು ಹೋಯಿತು, ಮತ್ತೆ ಸಿಗದು. ಶಿಲುಬೆಯ ಮೇಲಿದ್ದ ಒಳ್ಳೆಯ ಕಳ್ಳನಿಗೆ ಸಿಕ್ಕ ಅವಕಾಶ ಈ ವೀರನಿಗಿರಲಿಲ್ಲ. ನಮಗೆ ಒಪ್ಪಿಗೆಯಾಗದ ಜಾಗ ಇದು.

1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತರು ಈ ಆಟ ಸೈತಾನನದೆಂದು ಹೆದರಿದರು. 1984ರಲ್ಲಿ ಜ್ಯಾಕ್ ಚಿಕ್ ಅದರ ವಿರುದ್ಧ ಚಿತ್ರಕಥೆಯ ಕರಪತ್ರವನ್ನೇ ಹಂಚಿದರು. ಅವರ ಭಯ ಮಾಟಮಂತ್ರದ ಬಗ್ಗೆ. ನಮ್ಮ ಜಗಳ ಹುಟ್ಟಿದ್ದು ಹಣೆಪಟ್ಟಿಯಿಂದ. ಹಣೆಪಟ್ಟಿ ನೋಡಿ ನಡೆಯಬೇಕೆಂದು ಹಳೆಯ ನಿಯಮವೂ ಹೇಳಿರಲಿಲ್ಲ. ಆಟ ನಡೆಸುವವರು ಪಾತ್ರದ ನಡತೆ ಗಮನಿಸಿ ಗುರುತನ್ನೇ ಬದಲಿಸಬಹುದಿತ್ತು. 2014ರ ಆವೃತ್ತಿಯಲ್ಲಂತೂ ಅದರ ಹಿಡಿತ ಬಹಳ ಸಡಿಲ.

ಮೂರನೆಯ ಸಂಜೆ ಅವನ ಹಾಳೆಯ ಮೇಲಿದ್ದ ಗುರುತನ್ನು ರಬ್ಬರಿನಿಂದ ಅಳಿಸಿ ಖಾಲಿ ಬಿಟ್ಟೆವು. ಇನ್ನು ನೀನು ಮಾಡಿದ್ದನ್ನು ನೋಡಿ ಬರೆಯುತ್ತೇವೆ ಎಂದೆವು. ಅವನು ತುಂಬಾ ಹೊತ್ತು ಯೋಚಿಸಿದ. ಚಿನ್ನವನ್ನು ಇನ್ನೂ ವಾಪಸು ಕೊಟ್ಟಿಲ್ಲ.